ಚಿತ್ತರೋಗಿಗೆ ಸೆರೆಯೊ, ಚಿಕಿತ್ಸೆಯೊ?



ಪೆರೇಸಂದ್ರದಂತಹ ಊರಿನಲ್ಲಿ ಒಬ್ಬಾತನಿಗೆ ಚಿತ್ತಭ್ರಮೆಯುಂಟಾಯಿತೆಂದು ಭಾವಿಸಿರಿ. ಮನೆಯವರು ಮಾನಕ್ಕೆ ಅಂಜಿ ಅದನ್ನು ಮುಚ್ಚಿಡುವರು; ಗಾಳಿಸೋಂಕೆಂದು ಯಂತ್ರ ಕಟ್ಟಿಸುವರು. ಒಂದು ದಿನ ಆತನು, ತನ್ನನ್ನು ಕೊಲ್ಲಲು ಬಂದರೆಂಬ ಭ್ರಾಂತಿಯಿಂದ ನೆರೆಯವನನ್ನು ಹೊಡೆದು ಗಾಯಗೊಳಿಸುವನು. ಪೋಲೀಸರು ಹಿಡಿದೊಯ್ಯುವರು. ಆಗಲೂ ಮನೆಯವರು ಬಾಯಿ ತೆರೆಯರು. ರೋಗಿಯು ಅಪರಾಧಿಯೆನಿಸಿ ಸೆರೆಮನೆಯನ್ನು ಸೇರುವನು. ಆತನನ್ನು ಅಲ್ಲಿಗೆ ಕಳುಹಿಸಿದುದು ನ್ಯಾಯಾಸ್ಥಾನವೊಂದೇ ಅಲ್ಲ, ಮನೆಯವರ ಮೌನವೂ ಹೌದು.

ಶಾಸನವು ಈ ವಿಷಯದಲ್ಲಿ ನಿರ್ದಯವಾದುದಲ್ಲ. ಚಿತ್ತವಿಕಾರದ ದೆಸೆಯಿಂದ ತಾನು ಮಾಡುವುದೇನೆಂದಾಗಲಿ, ಅದು ತಪ್ಪೆಂದಾಗಲಿ ಅರಿಯಲಾರದವನ ಕೃತ್ಯವು ಅಪರಾಧವಲ್ಲವೆಂದು 1860ರ ದಂಡಸಂಹಿತೆಯ 84ನೆಯ ಪ್ರಕರಣವು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಪ್ರಕರಣವೂ ಅದನ್ನೇ ಹೇಳುವುದು. ವಿಚಾರಣೆಯನ್ನು ಎದುರಿಸಲಾರದವನನ್ನು ವೈದ್ಯರು ಪರೀಕ್ಷಿಸತಕ್ಕದ್ದು. ಆಸ್ಪತ್ರೆಯಲ್ಲಿರಿಸುವ ಅವಶ್ಯಕತೆಯಿಲ್ಲದೆ, ಕ್ರಮವಾಗಿ ಚಿಕಿತ್ಸೆ ಕೊಡಿಸುವೆನೆಂದೂ, ಆತನಿಂದ ತನಗಾಗಲಿ ಪರರಿಗಾಗಲಿ ಹಾನಿಯಾಗದಂತೆ ಕಾಯುವೆನೆಂದೂ ಬಂಧುವೊ ಮಿತ್ರನೊ ಹೊಣೆ ಹೊತ್ತಲ್ಲಿ, ಜಾಮೀನಿನ ಮೇಲೆ ಬಿಡತಕ್ಕದ್ದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ವಿಧಿಸಿರುವುದು. ಈ ಹೊಣೆಯನ್ನು ಹೊರುವವರಿಲ್ಲದಿದ್ದರೆ ಶಾಸನದ ದಯೆಯೂ ನಿಷ್ಫಲವಾಗುವುದು.

ಸೆರೆಮನೆಗಳ ಸ್ಥಿತಿಯನ್ನು ನೋಡಿರಿ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 5024 ಮಂದಿಯನ್ನು ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಪರೀಕ್ಷಿಸಿ 2011ರಲ್ಲಿ ವರದಿಯಿತ್ತರು. ಮದ್ಯಾದಿ ವ್ಯಸನಗಳನ್ನು ಬಿಟ್ಟು ಎಣಿಸಿದರೂ, ಅವರಲ್ಲಿ ಕಾಲುಭಾಗಕ್ಕೆ ಮಿಕ್ಕವರಿಗೆ ಮನೋವ್ಯಾಧಿಯಿದ್ದಿತು.

ಚಿಕಿತ್ಸಾಲಯಕ್ಕೆ ಕಳುಹಿಸಿದ ಮಾತ್ರಕ್ಕೆ ಕರ್ತವ್ಯವು ಮುಗಿಯದು. ಅಸ್ಸಾಮಿನ ಮಚಾಂಗ್ ಲಾಲುಂಗನು 1951ರಲ್ಲಿ ಬಂಧಿತನಾಗಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲ್ಪಟ್ಟನು. 1967ರಲ್ಲಿ ಗುಣಹೊಂದಿದನೆಂದು ವೈದ್ಯರು ತಿಳಿಸಿದರೂ ಬಿಡುಗಡೆಯಾದುದು 2005ರಲ್ಲಿ. ಐವತ್ತನಾಲ್ಕು ವರ್ಷ ವಿಚಾರಣೆಯೇ ನಡೆಯಲಿಲ್ಲ. ಕೇಳುವವರಿಲ್ಲದವನಿಗೆ ಆಸ್ಪತ್ರೆಯೂ ಸೆರೆಯೇ.

ಆದುದರಿಂದ ಭಕ್ತರು ಮಾಡತಕ್ಕದ್ದೇನು? ವ್ಯಾಧಿಯು ಕಾಣಿಸಿದೊಡನೆ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೆ ಕರೆದೊಯ್ಯುವುದು. ಮದ್ದಿನ ಚೀಟಿಗಳನ್ನು ಜೋಪಾನವಾಗಿಡುವುದು. ಅಚಾತುರ್ಯವೇನಾದರೂ ನಡೆದಲ್ಲಿ ಮೊದಲ ದಿನವೇ ವ್ಯಾಧಿಯ ಸಂಗತಿಯನ್ನು ಪೋಲೀಸರಿಗೂ ನ್ಯಾಯಾಧೀಶರಿಗೂ ಅರಿಕೆ ಮಾಡುವುದು. ಉಚಿತ ಕಾನೂನು ನೆರವನ್ನು ಕೇಳುವುದು. ಪೆಟ್ಟುತಿಂದ ನೆರೆಯವನ ಆರೈಕೆಯನ್ನೂ ಮರೆಯಲಾಗದು. ರೋಗಿಯು ಗುಣಹೊಂದಿದರೆ ಆ ನೆರೆಯವನಿಗೂ ನೆಮ್ಮದಿ. ಬಂಧುಗಳಿಲ್ಲದವನಿಗೆ ಊರಿನವರೇ ಮಿತ್ರರಾಗಿ ನಿಂತು ಹೊಣೆ ಹೊತ್ತರೆ, ಅದು ಅನ್ನದಾಸೋಹಕ್ಕೆ ಕಡಿಮೆಯಾದ ಸೇವೆಯಲ್ಲ.