ನಂಬಿಕೆ ದಾಟಿಸಿದ ಅಜ್ಜಿಯರು

(ಧಾರವಾಡ ಸೀಮೆಯ ಕ್ರೈಸ್ತ ಮನೆತನಗಳನ್ನು ಕುರಿತ ಭಾಷಣದ ಬರಹರೂಪ)



ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಅರಸರಿದ್ದಾರೆ, ಸಿಪಾಯಿಗಳಿದ್ದಾರೆ, ಮೀನುಗಾರರಿದ್ದಾರೆ, ಸುಂಕ ವಸೂಲಿ ಮಾಡುವವರಿದ್ದಾರೆ. ಆದರೆ ‘ಅಜ್ಜಿ’ ಎಂಬ ಮಾತು ಅಲ್ಲಿ ಬರುವುದು ಒಂದೇ ಸಲ. ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಗೆ ಬರೆದ ಎರಡನೆಯ ಪತ್ರದ ಮೊದಲಲ್ಲಿಯೇ ಆ ಹುಡುಗನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ನೆನೆಯುತ್ತಾನೆ. ತಿಮೊಥೆಯ ತಂದೆ ಗ್ರೀಕನು. ನಂಬಿಕೆ ಬಂದದ್ದು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗನಿಗೆ. ಲೋವಿಯ ಬಗ್ಗೆ ಅದಕ್ಕಿಂತ ಹೆಚ್ಚಿನ ಮಾತು ಎಲ್ಲಿಯೂ ಇಲ್ಲ.

ಧಾರವಾಡ ಜಿಲ್ಲೆಯ ಹಳ್ಳಿಗಾಡಿನ ಕ್ರೈಸ್ತ ಮನೆತನಗಳ ಕಥೆಯೂ ಹೀಗೆಯೇ ಇದೆ. ನವಲಗುಂದದ ಎರೆಹೊಲಗಳಿಂದ ಕಲಘಟಗಿಯ ಮಲೆನಾಡಿನ ಸೆರಗಿನವರೆಗೆ ಹರಡಿರುವ ಈ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದು. ಅವರ ಚರಿತ್ರೆಯನ್ನು ಹೇಳುವಾಗ ಮಿಶನರಿಗಳ ಹೆಸರು ಬರುತ್ತದೆ, ಬೋಧಕರ ಹೆಸರು ಬರುತ್ತದೆ, ಶಾಲೆ ಆಸ್ಪತ್ರೆಗಳ ಹೆಸರು ಬರುತ್ತದೆ. ಆ ನಂಬಿಕೆಯನ್ನು ಒಲೆಯ ಮುಂದೆ ಕೂತು ಮೊಮ್ಮಕ್ಕಳಿಗೆ ದಾಟಿಸಿದ ಅಜ್ಜಿಯ ಹೆಸರು ಬರುವುದಿಲ್ಲ. ಅವಳು ಮಾಡಿದ ಕೆಲಸವೇನು, ಅದಕ್ಕಾಗಿ ತೆತ್ತ ಬೆಲೆಯೇನು ಎಂಬುದನ್ನು ನೆನೆಯುವುದೇ ಇಂದಿನ ಮಾತಿನ ಉದ್ದೇಶ.

ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಶನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಕಾಲಿಟ್ಟರು. ಈ ಭಾಗವನ್ನು ಅವರು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಆದರೆ ಕಲಿತದ್ದು, ಬರೆದದ್ದು, ಬೋಧಿಸಿದ್ದು ಕನ್ನಡದಲ್ಲಿ. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ತಮ್ಮ ಮೊದಲ ವರ್ಷಗಳ ಕನ್ನಡವನ್ನು ರೂಢಿಸಿಕೊಂಡದ್ದು ಈ ಸೀಮೆಯ ಜನರ ನಡುವೆಯೇ. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಇವೆಲ್ಲ ಪುಸ್ತಕಗಳಲ್ಲಿ ದಾಖಲಾಗಿರುವ ಸಂಗತಿಗಳು.

ಮನೆಯೊಳಗೆ ನಡೆದದ್ದು ಬೇರೆ. ದೀಕ್ಷಾಸ್ನಾನ ಪಡೆಯುವುದೆಂದರೆ ಒಂದು ದಿನದ ವಿಧಿಯಲ್ಲ. ಮರುದಿನದಿಂದಲೇ ಬಾವಿಯ ನೀರು, ಬೆಂಕಿ, ಬೀಗತನ ಎಲ್ಲವೂ ಪ್ರಶ್ನೆಯಾಗುತ್ತಿದ್ದವು. ನಂಬಿಕೆ ಬದಲಿಸಿದವನಿಗೆ ಆಸ್ತಿಯ ಹಕ್ಕು ತಪ್ಪಬಾರದೆಂದು 1850ರಲ್ಲಿ ಸರಕಾರ ಕಾಯ್ದೆ ಮಾಡಬೇಕಾಯಿತು. ಮತಾಂತರದ ಕಾರಣಕ್ಕೆ ಗಂಡ ಹೆಂಡತಿಯನ್ನೋ ಹೆಂಡತಿ ಗಂಡನನ್ನೋ ತೊರೆದರೆ ಆ ಮದುವೆಯನ್ನು ಏನು ಮಾಡಬೇಕೆಂದು ಹೇಳಲು 1866ರಲ್ಲಿ ಇನ್ನೊಂದು ಕಾಯ್ದೆ ಬಂತು. ಕಾಯ್ದೆಯೇ ಬೇಕಾಯಿತೆಂದರೆ ಎಷ್ಟು ಮನೆಗಳಲ್ಲಿ ಒಲೆ ಎರಡಾಗಿರಬೇಕು ಎಂಬುದನ್ನು ಊಹಿಸಬಹುದು.

ಈ ಸಂಕಟದಲ್ಲಿ ಗಂಡಸಿನ ಪಾಲು ಒಂದಾದರೆ ಹೆಂಗಸಿನ ಪಾಲು ಎರಡು. ಗಂಡಸು ಬೋಧಕರ ಮಾತು ಕೇಳಿ, ವಾದ ಮಾಡಿ, ಒಪ್ಪಿ ಹೆಜ್ಜೆ ಇಟ್ಟಿರುತ್ತಿದ್ದ. ಹೆಂಡತಿಯನ್ನು ಯಾರು ಕೇಳುತ್ತಿದ್ದರು? ಗಂಡನ ಹಿಂದೆ ಹೊರಟರೆ ತವರು ಮುಚ್ಚಿತು. ತವರಿಗೆ ಹೋದರೆ ಸಂಸಾರ ಮುರಿಯಿತು. ಪಂಚಮಿಗೆ ಕರೆಯಲು ಅಣ್ಣ ಬರಲಿಲ್ಲ, ಚೊಚ್ಚಲ ಬಾಣಂತನಕ್ಕೆ ಅವ್ವ ಬರಲಿಲ್ಲ. ಹಾಗೆ ಒಬ್ಬಂಟಿಯಾಗಿ ಹೊಸ ದೇವರ ಮುಂದೆ ನಿಂತ ಹೆಣ್ಣುಮಗಳು ಆ ದೇವರನ್ನು ನಿಧಾನವಾಗಿ ತನ್ನವನನ್ನಾಗಿ ಮಾಡಿಕೊಂಡಳು. ಗಂಡನ ನಂಬಿಕೆ ನಿರ್ಧಾರದಿಂದ ಬಂದದ್ದು. ಅವಳದು ಬದುಕಿ ಬದುಕಿ ಬಂದದ್ದು. ಮೊಮ್ಮಕ್ಕಳಿಗೆ ಹೆಚ್ಚಾಗಿ ಸಿಕ್ಕಿದ್ದು ಈ ಎರಡನೆಯದು.

ಅವಳು ಅದನ್ನು ಹೇಗೆ ತನ್ನದಾಗಿಸಿಕೊಂಡಳು ಎಂಬುದಕ್ಕೆ ಹೆಸರುಗಳೇ ಸಾಕ್ಷಿ. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಬಾಸೆಲ್ ಮಿಶನ್ನಿನ ಬೋಧಕರಾಗಿದ್ದ ಅವರು 1949ರಲ್ಲಿ ಗುಲಬರ್ಗಾದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಅವರ ತಂದೆಯ ಹೆಸರು ದಾನಿಯೇಲಪ್ಪ, ತಾಯಿಯ ಹೆಸರು ಸುಭಕ್ತವ್ವ. ಸಿಂಹದ ಗವಿಯಲ್ಲಿ ಉಳಿದ ಪ್ರವಾದಿ ದಾನಿಯೇಲನಿಗೆ ಈ ಸೀಮೆಯ ‘ಅಪ್ಪ’ ಸೇರಿತು. ಭಕ್ತಿಯ ಮಾತಿಗೆ ‘ಅವ್ವ’ ಸೇರಿತು. ಮಗನಿಗೆ ಚನ್ನಪ್ಪ ಎಂಬ ಹಳೆಯ ಹೆಸರೇ ಉಳಿಯಿತು. ದೇವರ ಹೆಸರು ಬದಲಾದರೂ ಕರೆಯುವ ಬಾಯಿ ಬದಲಾಗಲಿಲ್ಲ. ಚನ್ನಪ್ಪನವರು ಒಂದು ಕೈಯಲ್ಲಿ ಬೈಬಲ್ಲನ್ನೂ ಇನ್ನೊಂದು ಕೈಯಲ್ಲಿ ವಚನವನ್ನೂ ಹಿಡಿದದ್ದು ಪಾಂಡಿತ್ಯದಿಂದ ಮಾತ್ರ ಬಂದದ್ದಲ್ಲ. ಇಂಥ ಮನೆಗಳಲ್ಲಿ ಎರಡೂ ಒಂದೇ ಭಾಷೆಯಲ್ಲಿ ಮಾತನಾಡುತ್ತಿದ್ದವು.

ಆ ಭಾಷೆಯನ್ನು ಕಾಪಾಡಿದವಳು ಅಜ್ಜಿ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ದೊರೆತಿತ್ತು. 1841ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕೀರ್ತನೆಗಳ ಪುಸ್ತಕಗಳು, ಪ್ರಶ್ನೋತ್ತರಗಳು, ಪಂಚಾಂಗಗಳು ಹೊರಟವು. ದೇವರ ವಾಕ್ಯವನ್ನು ಪ್ರತಿಯೊಬ್ಬರೂ ಸ್ವತಃ ಓದಬೇಕೆಂಬುದು ಪ್ರಾಟೆಸ್ಟಂಟ್ ಸಭೆಗಳ ಒತ್ತಾಯ. ಅದರಿಂದಾಗಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅಲಂಕಾರದ ಮಾತಾಗಲಿಲ್ಲ, ಅಗತ್ಯವಾಯಿತು. ಓದಲು ಬಾರದವಳು ಕೇಳಿ ಕೇಳಿ ಬಾಯಿಪಾಠ ಮಾಡಿದಳು. ಬೀಸುವ ಕಲ್ಲಿನ ಮುಂದೆ ತ್ರಿಪದಿ ಹಾಡಿ ರೂಢಿಯಿದ್ದ ನಾಲಿಗೆಗೆ ದಾವೀದನ ಕೀರ್ತನೆ ಭಾರವಾಗಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂಡಿಸಿ ಒಂದು ಅಧ್ಯಾಯ, ಒಂದು ಹಾಡು, ಒಂದು ಪ್ರಾರ್ಥನೆ. ಆ ಪ್ರಾರ್ಥನೆಯಲ್ಲಿ ಊರೆಲ್ಲ ಬರುತ್ತಿತ್ತು: ಮಳೆ ಹಿಡಿದದ್ದು, ಎತ್ತು ಜಡ್ಡಿಗೆ ಬಿದ್ದದ್ದು, ನೆರೆಮನೆಯ ಗೌಡರ ಸೊಸೆ ದಿನ ತುಂಬಿದ್ದು. ಕೂಟಕ್ಕೆ ಹಾಸಿದ ಜಮಖಾನೆ ನವಲಗುಂದದ ಮುಸ್ಲಿಂ ಹೆಣ್ಣುಮಕ್ಕಳು ನೇಯ್ದದ್ದಿರಬಹುದು, ಕೂಸು ಮಲಗಿದ ತೊಟ್ಟಿಲು ಕಲಘಟಗಿಯ ಬಡಿಗರು ಅರಗಿನ ಬಣ್ಣ ಹಚ್ಚಿ ಕೊಟ್ಟದ್ದಿರಬಹುದು. ಪ್ರಾರ್ಥನೆ ಕ್ರಿಸ್ತನಿಗೆ, ಸುತ್ತಲಿನದೆಲ್ಲ ಊರಿನದು. ಮೊದಲ ತಲೆಮಾರಿನ ಮುನಿಸು ಆರಿದ ಮೇಲೆ ಮತ್ತೆ ಹೋಗಿಬರುವುದನ್ನು ಆರಂಭಿಸಿದವರೂ ಹೆಂಗಸರೇ. ಕ್ರಿಸ್ಮಸ್ಸಿಗೆ ಕರ್ಚಿಕಾಯಿಯ ತಾಟು ಇತ್ತಿಂದ ಹೋಯಿತು, ಸಂಕ್ರಾಂತಿಗೆ ಎಳ್ಳು ಬೆಲ್ಲ ಅತ್ತಿಂದ ಬಂತು. ಎರಡು ಮನೆಗಳ ನಡುವಿನ ಗೋಡೆಯನ್ನು ಯಾವ ಸಭೆಯೂ ಠರಾವು ಮಾಡಿ ಕೆಡವಲಿಲ್ಲ.

ಈ ಮನೆಯ ನಂಬಿಕೆ ಎಷ್ಟು ಗಟ್ಟಿಯಾಗಿತ್ತು ಎಂಬುದು 1914ರಲ್ಲಿ ಪರೀಕ್ಷೆಗೆ ಬಂತು. ಬಾಸೆಲ್ ಸ್ವಿಟ್ಜರ್ಲೆಂಡಿನ ಊರಾದರೂ ಮಿಶನರಿಗಳಲ್ಲಿ ಬಹುಮಂದಿ ಜರ್ಮನರು. ಮೊದಲ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರಕಾರ ಅವರನ್ನು ಬಂಧನದಲ್ಲಿಟ್ಟಿತು, ಮುಂದೆ ದೇಶದಿಂದ ಹೊರಗೆ ಕಳಿಸಿತು. ಮಿಶನ್ನಿನ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ದೊರೆಗಳ ಆಸರೆಯಿಂದ ನಿಂತ ಧರ್ಮವಾಗಿದ್ದರೆ ಅದು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ದೇಶೀಯ ಬೋಧಕರು ಸಭೆಗಳನ್ನು ನಡೆಸಿದರು. ಸಂಜೆಯ ಪ್ರಾರ್ಥನೆಯನ್ನು ಅಜ್ಜಿಯರು ನಡೆಸಿದರು. ಮಿಶನರಿ ಬರುವ ಮುನ್ನ ಆ ಮನೆಗಳಲ್ಲಿ ಭಕ್ತಿ ಇತ್ತು, ಅವರು ಹೋದ ಮೇಲೂ ಉಳಿಯಿತು.

ಒಂದು ಮಾತನ್ನು ಮರೆಯಬಾರದು. ಅಜ್ಜಿಯ ಭಕ್ತಿಯನ್ನು ಹೊಗಳಿ ಅವಳ ಹಕ್ಕನ್ನು ಬದಿಗಿಡುವುದು ಸುಲಭ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನಿಗೆ ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮಸಮ. ಈ ದೇಶದ ಬಹಳಷ್ಟು ಹೆಣ್ಣುಮಕ್ಕಳಿಗೆ ಅಂಥ ಮಾತು ಕಾಗದದ ಮೇಲೆ ಬರಲು ಇನ್ನೂ ದಶಕಗಳು ಬೇಕಾದವು. ಆದರೆ ಕಾಗದದ ಮೇಲಿದ್ದದ್ದು ಹೊಲದ ಬದುವಿನವರೆಗೆ ಬಂತೇ? ಅಣ್ಣತಮ್ಮಂದಿರ ಮನಸ್ಸು ಮುರಿಯಬಾರದೆಂದು ಹಕ್ಕು ಬಿಟ್ಟುಕೊಡುವ ರೂಢಿ ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಒಂದೇ. ಅಜ್ಜಿಯ ತ್ಯಾಗವನ್ನು ನೆನೆಯುವವರು, ಆ ತ್ಯಾಗಗಳಲ್ಲಿ ಯಾವುದು ಅವಳೇ ಆರಿಸಿಕೊಂಡದ್ದು, ಯಾವುದು ಅವಳ ಮೇಲೆ ಹೊರಿಸಿದ್ದು ಎಂದೂ ಕೇಳಿಕೊಳ್ಳಬೇಕು.

ಈಗ ಮೊಮ್ಮಕ್ಕಳು ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ, ಕಡಲಾಚೆಯ ಊರುಗಳಲ್ಲಿ ಇದ್ದಾರೆ. ಸಂಜೆಯ ಪ್ರಾರ್ಥನೆ ಬೇರೆ ಭಾಷೆಗೆ ತಿರುಗಿದ ಮನೆಗಳೂ ಉಂಟು. ಅದನ್ನು ದೂರಿ ಫಲವಿಲ್ಲ. ಆದರೆ ಒಂದು ಕೆಲಸ ಸಾಧ್ಯ. ಅಜ್ಜಿಯ ಪೂರ್ಣ ಹೆಸರು, ತವರಿನ ಊರು, ಅವಳಿಗೆ ಬರುತ್ತಿದ್ದ ಹಾಡುಗಳು, ಅವಳು ಪ್ರಾರ್ಥನೆಯಲ್ಲಿ ಹೆಸರಿಡಿದು ನೆನೆಯುತ್ತಿದ್ದ ನೆರೆಹೊರೆಯವರು: ಇಷ್ಟನ್ನು ಬಲ್ಲವರು ಇರುವಾಗಲೇ ಕೇಳಿ, ಮನೆಯ ಬೈಬಲ್ಲಿನ ಮೊದಲ ಖಾಲಿ ಹಾಳೆಯಲ್ಲಿ ಬರೆದಿಡಬೇಕು.

ಪೌಲನು ಲೋವಿಯ ಚರಿತ್ರೆ ಬರೆಯಲಿಲ್ಲ, ಹೆಸರನ್ನಷ್ಟೇ ಬರೆದ. ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಅವಳನ್ನು ಉಳಿಸಲು ಅದೇ ಸಾಕಾಯಿತು. ಈ ಸೀಮೆಯ ಅಜ್ಜಿಯರಿಗೆ ಅಷ್ಟಾದರೂ ಸಲ್ಲಲಿ.