ಕಾಯಕ ಯಾರದು, ಕಂತು ಯಾರಿಗೆ?

(ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನಡೆದ ಮಾಸಿಕ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸ)

ಕಾಯಕದ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ಪ್ರವಚನಕಾರನಲ್ಲ, ಸರ್ಕಾರಿ ಇಂಜಿನಿಯರಾಗಿ ಕೆರೆ ಕಾಲುವೆ ಅಳೆದವನು. ಆದ್ದರಿಂದ ನನ್ನದೇ ಒಂದು ತಪ್ಪಿನಿಂದ ಶುರುಮಾಡುತ್ತೇನೆ.

2019ರ ಫೆಬ್ರವರಿ 24ರಂದು ಪಿಎಂ ಕಿಸಾನ್ ಸಮ್ಮಾನ್ ನಿಧಿ ಯೋಜನೆಗೆ ಚಾಲನೆ ಸಿಕ್ಕಿತು. ವರ್ಷಕ್ಕೆ 6,000 ರೂಪಾಯಿ. 2,000ದಂತೆ ಮೂರು ಕಂತು, ನೇರ ಬ್ಯಾಂಕ್ ಖಾತೆಗೆ. ಊರಲ್ಲಿ ನನ್ನ ಹೆಸರಿಗೆ ಎರಡೂವರೆ ಎಕರೆ ಪಹಣಿ ಇದೆ. ಎಲ್ಲರೂ ಅರ್ಜಿ ಕೊಟ್ಟರು, ನಾನೂ ಸ್ವಯಂ ಘೋಷಣೆಗೆ ಸಹಿ ಹಾಕಿದೆ. ಅಳತೆ ನೋಡದೆ ಒಂದು ಬಿಲ್ಲಿಗೂ ಸಹಿ ಹಾಕದಿದ್ದ ನಾನು ಆ ಹಾಳೆಯನ್ನು ಓದಲೇ ಇಲ್ಲ.

ಎರಡು ಕಂತು ಬಂದ ಮೇಲೆ ನಿಯಮ ಓದಿದೆ. ಆದಾಯ ತೆರಿಗೆ ಕಟ್ಟುವವರಿಗೆ ಈ ಹಣ ಇಲ್ಲ. ಡಿ ದರ್ಜೆಯವರನ್ನು ಬಿಟ್ಟು, ತಿಂಗಳಿಗೆ 10,000 ರೂಪಾಯಿ ಮುಟ್ಟಿದ ಪಿಂಚಣಿದಾರರಿಗೂ ಇಲ್ಲ. ನನ್ನ ಪಿಂಚಣಿ ಅದಕ್ಕಿಂತ ಹೆಚ್ಚು. ‘ಎಲ್ಲರೂ ತಗೊಳ್ತಾರೆ, ಸುಮ್ಮನಿರಿ’ ಎಂದರು ಕೆಲವರು. ಮನೆಯಾಕೆ ಮಾತ್ರ, ‘ಆಯ್ದಕ್ಕಿ ಲಕ್ಕಮ್ಮನ ಕಥೆ ಸಭೆಯಲ್ಲಿ ಹೇಳ್ತೀರಲ್ಲ, ಮನೆಯಲ್ಲಿ ಬೇಡವೇ?’ ಎಂದಳು. ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ತಾಯಿ ಅವಳು. 4,000 ರೂಪಾಯಿ ಹಿಂದಿರುಗಿಸಿದೆ.

ಮನಸ್ಸು ಹಗುರವಾಯಿತೇ? ಪೂರ್ತಿ ಇಲ್ಲ. ನನ್ನ ಹೊಲದಲ್ಲಿ ರಾಗಿ ಬೆಳೆಯುವವನು ಬೇರೆಯವನು, ವಾರಕ್ಕೆ ಮಾಡುತ್ತಾನೆ. ಉಳುಮೆ, ಕಳೆ, ಕೊಯ್ಲು ಎಲ್ಲ ಅವನದು. ಅವನಿಗೆ ಒಂದು ಕಂತೂ ಇಲ್ಲ, ಏಕೆಂದರೆ ಯೋಜನೆ ನೋಡುವುದು ಪಹಣಿಯ ಹೆಸರನ್ನು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು, ದೊಡ್ಡ ಕೆಲಸ. ಆದರೆ ಗೇಣಿ ನಿಷೇಧವಾದ ಮೇಲೆ ವಾರದ ಒಪ್ಪಂದ ಬಾಯಿಮಾತಿಗೆ ಇಳಿಯಿತು. ಕಾಗದವಿಲ್ಲದವನು ಲೆಕ್ಕಕ್ಕೂ ಇಲ್ಲ.

ಇನ್ನೊಂದು ಮನೆ ನೋಡಿ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಒಂದು ಎಕರೆ ತಾವೇ ಮಾಡುತ್ತಾರೆ. ಪಹಣಿ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿ. ‘ಹೆಸರಿಲ್ಲ, ಹಣ ಬರಲ್ಲ’ ಎಂದು ಕೈಚೆಲ್ಲಿದ್ದರು. ನಿಜ ಏನೆಂದರೆ, 2019ರ ಫೆಬ್ರವರಿ 1ರ ನಂತರ ಭೂಮಿ ಕೊಂಡವರನ್ನು ಯೋಜನೆ ಒಪ್ಪಲಿಲ್ಲ. ಆದರೆ ಸಾವಿನಿಂದ ವಾರಸಾಗಿ ಬಂದ ಭೂಮಿಗೆ ಆ ಅಡ್ಡಿ ಇಲ್ಲ. ಬೇಕಾದದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆಯ ಅರ್ಜಿ. ಆಮೇಲೆ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ, ಖಾತೆಗೆ ಆಧಾರ್ ಜೋಡಣೆ, ಇ-ಕೆವೈಸಿ.

ಆದ್ದರಿಂದ ಮೂರು ಬಿನ್ನಹ. ಒಂದು, ಅರ್ಹರಲ್ಲದ ನಾವು ಪಡೆದದ್ದನ್ನು ಹಿಂದಿರುಗಿಸೋಣ. ಎರಡು, ವಾರಕ್ಕೆ ಕೊಟ್ಟವರು ಉಳುವವನ ಪಾಲು ಹೆಚ್ಚಿಸೋಣ. ಈ ವರ್ಷದಿಂದ ನಾನು ಗೊಬ್ಬರ, ಬೀಜದ ಖರ್ಚು ಪೂರ್ತಿ ಹೊರುತ್ತಿದ್ದೇನೆ. ಇದು ದಾನವಲ್ಲ, ಅವನ ಕಾಯಕದ ಬಾಕಿ. ಮೂರು, ತಿಂಗಳಿಗೊಂದು ದಿನ ಮಠದ ಅಂಗಳದಲ್ಲಿ ಕೂತು ಅರ್ಜಿ ಬರೆದುಕೊಡೋಣ. ಬಂದವರ ಜಾತಿ ಕೇಳುವುದು ಬೇಡ, ಸರ್ವೆ ನಂಬರ್ ಕೇಳಿದರೆ ಸಾಕು. ನನ್ನಂಥ ನಿವೃತ್ತರು ಇಲ್ಲಿ ಹತ್ತು ಜನರಾದರೂ ಇದ್ದೀರಿ. ಓದು ಬಲ್ಲವರಿಗೆ ಇದೂ ದಾಸೋಹವೇ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಇಲ್ಲಿರುತ್ತೇನೆ. ಪೆನ್ನು ತನ್ನಿ.