ಒಳಗೆ ಆಡಿದ ಮಾತು
(ಹೊರರೋಗಿ ವಿಭಾಗದಲ್ಲಿ ಆಪ್ತಸಮಾಲೋಚಕಿಯವರು ರೋಗಿಗಳು ಮತ್ತು ಸಂಬಂಧಿಕರಿಗೆ ನೀಡಿದ ಉಪನ್ಯಾಸ)



ನಮ್ಮ ಕೋಣೆಯ ಬಾಗಿಲು ತೆರೆದ ಕೂಡಲೇ ಹೊರಗೆ ಕುಳಿತವರು ಕೇಳುವ ಪ್ರಶ್ನೆ ಒಂದೇ: "ಒಳಗ ಏನ್ ಹೇಳಿದಳ್ರೀ ಆಕಿ?" ತಾಯಿ, ಅತ್ತೆ, ಗಂಡ, ಎಲ್ಲರೂ ಕಾಳಜಿಯಿಂದಲೇ ಕೇಳುತ್ತಾರೆ. ಆದರೂ ನಾನು ಹೇಳುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೊಂದು ಕಡೆ ಒಮ್ಮೆ ಹೇಳಿಬಿಟ್ಟಿದ್ದೆ. ನಿದ್ದೆ ಬಾರದು, ಊಟ ಸೇರದು ಎಂದು ಬಂದಿದ್ದ ಸೊಸೆ. ಹೊರಗಿದ್ದ ಅತ್ತೆಯವರು ಕಣ್ಣೀರು ಹಾಕಿ ಕೇಳಿದರು. ಮನ ಕರಗಿ ಎರಡೇ ಮಾತು ಹೇಳಿದೆ. ಅವೇ ಮಾತಿನಿಂದ ಮನೆಯಲ್ಲಿ ಜಗಳವಾಯಿತೆಂದು ಆಮೇಲೆ ತಿಳಿಯಿತು. ಆಕೆ ಮತ್ತೆ ಬರಲೇ ಇಲ್ಲ. ತಪ್ಪು ನನ್ನದು, ಅತ್ತೆಯವರದಲ್ಲ.

ಇದು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮಿನ ಪ್ರಕಾರ ಗೋಪ್ಯತೆ ರೋಗಿಯ ಹಕ್ಕು. ಅದಕ್ಕೆ ಮಿತಿಯೂ ಉಂಟು. ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ತಿಳಿಸಬೇಕಾದವರಿಗೆ ಅಗತ್ಯವಿದ್ದಷ್ಟನ್ನು ಮಾತ್ರ ತಿಳಿಸುತ್ತೇವೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನೆಲ್ಲ ಮೊದಲ ದಿನವೇ ರೋಗಿಗೆ ಹೇಳಿರುತ್ತೇವೆ.

ಮೊದಲ ಭೇಟಿಯಲ್ಲಿ ಬುದ್ಧಿಮಾತು ಹೇಳುವುದಿಲ್ಲ, ಕೇಳುತ್ತೇವೆ. ನಿದ್ದೆ, ಹಸಿವು, ಕುಡಿತ, ಸಾಲ, ಮನೆಯ ಪರಿಸ್ಥಿತಿ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಮನಸ್ಸು ಕುಗ್ಗಿದಂತೆ ಕಾಣಬಹುದು. ಆದ್ದರಿಂದ ರಕ್ತಪರೀಕ್ಷೆಗೆ ಕಳುಹಿಸಿದರೆ ಬೇಸರ ಬೇಡ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿಯೂ ಇದೆ. ಅದರಲ್ಲಿ ಬರುವ ಅಂಕ ರೋಗದ ತೀರ್ಪಲ್ಲ. ಮುಂದೆ ಏನು ವಿಚಾರಿಸಬೇಕೆಂದು ಅದು ತೋರಿಸುತ್ತದೆ, ಅಷ್ಟೇ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ಮನೋವೈದ್ಯರು ನಿರ್ಧರಿಸುತ್ತಾರೆ.

ಒಂಬತ್ತನೆಯದು ಸಾವಿನ ಯೋಚನೆಯ ಪ್ರಶ್ನೆ. "ಅಂಥಾ ಮಾತು ಯಾಕ ಕೇಳ್ತೀರಿ, ಇಲ್ಲದ್ದು ತಲ್ಯಾಗ ಬರ್ತದ" ಎಂದು ಹಿರಿಯರೊಬ್ಬರು ನನ್ನನ್ನು ಗದರಿಸಿದ್ದುಂಟು. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನ ಆ ಪ್ರಶ್ನೆಗಾಗಿಯೇ ಕಾದಿರುತ್ತಾರೆ. ಕೇಳಿದೊಡನೆ ಅಳು ಬರುತ್ತದೆ, ಆಮೇಲೆ ಮಾತು ಬರುತ್ತದೆ. ನೀವೂ ಮನೆಯಲ್ಲಿ ನೇರವಾಗಿ, ಮೆಲ್ಲಗೆ ಕೇಳಬಹುದು. ಹೌದೆಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ತಂದ ಕ್ರಿಮಿನಾಶಕ ಮನೆಯಲ್ಲಿದ್ದರೆ ಅಂದೇ ಹೊರಗೆ ಸಾಗಿಸಿ. ತಡಮಾಡದೆ ಕರೆದುಕೊಂಡು ಬನ್ನಿ.

ಸಂಬಂಧಿಕರಿಗೆ ಇಲ್ಲಿ ಕೆಲಸವಿಲ್ಲವೆಂದು ತಿಳಿಯಬೇಡಿ. ನೀವು ಕಂಡದ್ದನ್ನು ಹೇಳಿ, ನಮಗೆ ಬೇಕು. ನಾವು ಹೇಳುವುದು ಮಾತ್ರ ರೋಗಿ ಒಪ್ಪಿದಷ್ಟು. ಗುಣವಾದ ಸಂತೋಷಕ್ಕೆ ಜೋಳದ ಚೀಲ ಹೊತ್ತು ತಂದವರೂ ಇದ್ದಾರೆ. ಅದನ್ನು ಪಡೆಯುವಂತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ.

ರಾತ್ರಿ ವೇಳೆ ಮನಸ್ಸು ತಡೆಯದಾದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸೇವೆ ಇದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.